ಎಂಟನೇ ಜೋಡಿ

ಸುರೇಂದ್ರ ಗೌಡರು ಬ್ಯಾಟು ಎತ್ತಿದರೆ ಎದುರಿನವರಿಗಿಂತ ಮೊದಲು ಅವರ ಜೊತೆಗೆ ಆಡುವವರೇ ತಲೆ ಬಗ್ಗಿಸುತ್ತಿದ್ದರು. ಸಾಗರದ ಹಳೇ ಅಕ್ಕಿ ಗಿರಣಿಯ ಗೋದಾಮಿಗೆ ಹಸಿರು ಮ್ಯಾಟು ಹಾಸಿ, ಎರಡು ನೆಟ್ಟು ಕಟ್ಟಿ ಮಾಡಿದ ಶಟಲ್ ಹಾಲಿಗೆ ಅವರು ಬರತೊಡಗಿ ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ಮೆಡಿಕಲ್ ಶಾಪಿನ ಗಣೇಶನ ಕಿವಿಗೆ ಒಮ್ಮೆ, ಇನ್ನೊಬ್ಬರ ಕನ್ನಡಕಕ್ಕೆ ಒಮ್ಮೆ ಅವರ ಬ್ಯಾಟು ತಾಗಿತ್ತು. ಎರಡು ಬ್ಯಾಟುಗಳ ತಂತಿ ಹರಿದು, ಮೂರನೆಯದರ ಕುತ್ತಿಗೆಯೇ ಬಾಗಿತ್ತು.

ಬ್ಯಾಟನ್ನು ಅವರು ಹಿಡಿಯುತ್ತಿದ್ದದ್ದು ಬೇಲಿ ಸವರುವ ಕತ್ತಿಯ ಹಾಗೆ. ಐದೂ ಬೆರಳು ಮುಷ್ಟಿ ಕಟ್ಟಿ, ಭುಜದಿಂದ ಕೈ ಎತ್ತಿ, ಬಿದಿರುಮೆಳೆಗೆ ಹಾಕುವಂತೆ ಓರೆಯಾಗಿ ಒಂದು ಏಟು. ತಾಗಿದರೆ ಕಾಕು, ಅಂದರೆ ಆ ಗರಿಯ ಚೆಂಡು, ಹೋಗಿ ಆಚೆ ಗೋಡೆಗೆ ಬಡಿಯುತ್ತಿತ್ತು. ತಾಗದಿದ್ದರೆ ಗೌಡರೇ ಅರ್ಧ ಸುತ್ತು ತಿರುಗಿ ನಿಲ್ಲುತ್ತಿದ್ದರು. ಹತ್ತರಲ್ಲಿ ಏಳು ಸಲ ತಿರುಗುವುದೇ ಆಗುತ್ತಿತ್ತು. ಬೆನ್ನ ಹಿಂದೆ ಅವರಿಗೆ ‘ಕಡಿಯೋ ಗೌಡ್ರು’ ಎಂಬ ಹೆಸರು ಬಿದ್ದಿತ್ತು. ಅದು ಅವರಿಗೂ ಗೊತ್ತಿತ್ತು, ಬೇಸರ ಮಾಡಿಕೊಂಡಿರಲಿಲ್ಲ.

ಹೆಸರಿಗೆ ಬೇಸರಪಡುವ ಸ್ಥಿತಿಯಲ್ಲಿ ಅವರು ಇರಲೂ ಇಲ್ಲ. ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಬಂದು ಸಾಗರದಲ್ಲಿ ಕಳೆ ಕತ್ತರಿಸುವ ಮಿಷನ್ನು, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಅಂಗಡಿ ಇಟ್ಟು ಹನ್ನೆರಡು ವರ್ಷ. ಕೈಕೆಲಸದಲ್ಲಿ ಅವರನ್ನು ಮೀರಿಸುವವರು ಹೊಸನಗರದವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ ಅಂಗಡಿ ಬಾಗಿಲು ಹಾಕಿದ ಮೇಲೆ, ಸಂಜೆ ಏಳೂವರೆಯ ಹೊತ್ತು ಅವರ ಕೈಯಲ್ಲಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಯಾರಾದರೂ ಸ್ನೇಹಿತರು ಬಂದು ಬೈಕು ನಿಲ್ಲಿಸುವರು, ‘ಬರ್ತೀರಾ, ಅರ್ಧ ಗಂಟೆ’ ಎನ್ನುವರು. ಆ ಅರ್ಧ ಗಂಟೆ ಹನ್ನೊಂದಕ್ಕೆ ಮುಗಿಯುತ್ತಿತ್ತು. ಒಂದು ಶನಿವಾರ ಮಗಳು ಯಶಸ್ವಿನಿ ತೀರ್ಥಹಳ್ಳಿಯ ಹಾಸ್ಟೆಲಿನಿಂದ ಬಂದವಳು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಗಂಟೆ ಅಪ್ಪನಿಗೆ ಕಾದಳು. ಅಪ್ಪ ಅಂಗಡಿಯೊಳಗೆ ಟಾರ್ಪಾಲಿನ ಮೇಲೆ ಮಲಗಿಬಿಟ್ಟಿದ್ದರು. ಮಗಳು ಜಗಳ ಮಾಡಲಿಲ್ಲ, ಅಳಲಿಲ್ಲ. ಮುಂದಿನ ಸಲ ಬರುವಾಗ ಆಟೋದವನ ನಂಬರು ತಾನೇ ಬರೆದಿಟ್ಟುಕೊಂಡು ಬಂದಳು. ಅದು ಗೌಡರ ಎದೆಗೆ ನಾಟಿತು.

ಮರುವಾರವೇ ಅವರು ಶಟಲ್ ಹಾಲಿಗೆ ಸೇರಿದ್ದು. ಆಟದ ಮೇಲಿನ ಆಸೆಯಿಂದಲ್ಲ. ಬೆಳಿಗ್ಗೆ ಆರಕ್ಕೆ ಅಂಕಣದಲ್ಲಿ ಇರಬೇಕಾದರೆ ಐದಕ್ಕೆ ಏಳಬೇಕು, ಐದಕ್ಕೆ ಏಳಬೇಕಾದರೆ ಒಂಬತ್ತಕ್ಕೆ ಮಲಗಬೇಕು. ಸಂಜೆ ಯಾರಾದರೂ ಬೈಕು ನಿಲ್ಲಿಸಿದರೆ ಹೇಳಲು ಅವರಿಗೆ ಒಂದು ಮಾತು ಸಿಕ್ಕಿತ್ತು. ‘ನಾಳೆ ಆಟ ಇದೆ ಮಾರಾಯ.’ ಕುಡಿಯುವುದನ್ನು ಬಿಟ್ಟೆ ಎಂದರೆ ನಗುವವರು, ಪಂಥ ಕಟ್ಟುವವರು, ಒಂದೇ ಒಂದು ಎನ್ನುವವರು ಆಟ ಇದೆ ಎಂದರೆ ಸುಮ್ಮನೆ ಹೋಗುತ್ತಿದ್ದರು. ಏಳು ತಿಂಗಳು ಅವರು ಆ ಒಂದು ಮಾತನ್ನು ಹಿಡಿದುಕೊಂಡೇ ದಾಟಿದ್ದರು. ಇದು ಹಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿ ಮಂಜುಶ್ರೀಗೆ ಗೊತ್ತಿತ್ತು, ಆದರೆ ಆಕೆ ಬಾಯಿಬಿಟ್ಟು ಹೇಳಿರಲಿಲ್ಲ. ದಿನಾ ಒಗೆಯಲು ಕೂತಾಗ ಗಂಡನ ಆಟದ ಬನಿಯನನ್ನೇ ಎಲ್ಲಕ್ಕಿಂತ ಮೊದಲು ನೆನೆಹಾಕುತ್ತಿದ್ದಳು, ಅಷ್ಟೆ.

ನವೆಂಬರಿನಲ್ಲಿ ಹಾಲಿಗೆ ಜನ ಹೆಚ್ಚಾದರು. ಸಂಜೆ ಮಕ್ಕಳ ಕೋಚಿಂಗು, ಹಾಗಾಗಿ ದೊಡ್ಡವರಿಗೆಲ್ಲ ಬೆಳಿಗ್ಗೆ ಆರರಿಂದ ಒಂದೂವರೆ ಗಂಟೆ ಹೊತ್ತೇ ಗತಿ. ಸರದಿಗಾಗಿ ಮಾತಿಗೆ ಮಾತು ಬೆಳೆಯತೊಡಗಿದ ಮೇಲೆ, ಹಾಲಿನ ಲೆಕ್ಕಾಚಾರ ನೋಡಿಕೊಳ್ಳುತ್ತಿದ್ದ ಹರಿಪ್ರಸಾದ್ ಒಂದು ನಿಯಮ ಮಾಡಿದರು. ಡಿಸೆಂಬರಿನಿಂದ ಬೆಳಿಗ್ಗೆ ಡಬಲ್ಸ್ ಮಾತ್ರ. ಜೋಡಿ ಮಾಡಿಕೊಂಡವರಿಗೆ ಜಾಗ, ಒಟ್ಟು ಎಂಟು ಜೋಡಿ. ಒಂಬತ್ತನೆಯದು ಬಂದರೆ ಕೊನೆಗೆ ಹೆಸರು ಕೊಟ್ಟ ಎರಡು ಜೋಡಿ ಒಂದು ಗೇಮ್ ಆಡಿ ತೀರ್ಮಾನ ಮಾಡಿಕೊಳ್ಳಬೇಕು. ನ್ಯಾಯವಾದ ಮಾತೇ. ಯಾರೂ ತಕರಾರು ಎತ್ತಲಿಲ್ಲ.

ಮೂರು ದಿನದಲ್ಲಿ ಎಲ್ಲರೂ ಜೋಡಿಯಾದರು. ಗೌಡರು ಗಣೇಶನನ್ನು ಕೇಳಿದರು. ಅವನು ಕಿವಿ ಮುಟ್ಟಿಕೊಂಡು, ಈಗಾಗಲೇ ಒಬ್ಬರಿಗೆ ಮಾತು ಕೊಟ್ಟುಬಿಟ್ಟೆನಲ್ಲ ಎಂದ. ಇನ್ನಿಬ್ಬರನ್ನು ಕೇಳಿದರು, ಅವರೂ ಮಾತು ಕೊಟ್ಟಿದ್ದರು. ಕೊನೆಗೆ ಉಳಿದವರು ಮಹಾಲಕ್ಷ್ಮಿ ಒಬ್ಬರೇ. ಅರವತ್ತೊಂದು ವರ್ಷ, ಬಲ ಮಂಡಿಗೆ ಪಟ್ಟಿ. ಹೊಸನಗರದ ಕಡೆ ಇಪ್ಪತ್ತೆರಡು ವರ್ಷ ಪಿ.ಟಿ. ಟೀಚರಾಗಿದ್ದು ನಿವೃತ್ತರಾಗಿ ಸಾಗರದಲ್ಲಿ ಮನೆ ಮಾಡಿದ ಹವ್ಯಕರ ಹೆಂಗಸು. ಓಡುತ್ತಿರಲಿಲ್ಲ, ಆದರೆ ಕಾಕು ಅವರಿದ್ದಲ್ಲಿಗೇ ಬರುತ್ತಿತ್ತು ಎನ್ನಿಸುವಂತೆ ಆಡುತ್ತಿದ್ದರು. ಶಾಲೆಯ ಟೀಚರನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು.

“ಜೋಡಿ ಆಗ್ತೇನೆ, ಗೌಡ್ರೆ. ಆದ್ರೆ ಮೂರು ವಾರ ನೀವು ಸ್ಮ್ಯಾಶ್ ಹೊಡೆಯೋ ಹಾಗಿಲ್ಲ” ಎಂದರು.

“ಮತ್ತೆ ಎಂತ ಹೊಡೀಲಿ ಅಕ್ಕೋರೆ?”

“ಮೊದಲನೇ ವಾರ ಹೊಡೆಯೋದೇ ಇಲ್ಲ. ಹಿಡಿಯೋದು.”

ಹಾಲಿನ ಹಿಂದೆ ಭತ್ತ ಒಣಗಿಸುತ್ತಿದ್ದ ಸಿಮೆಂಟು ಕಣವಿತ್ತು. ಆಟ ಮುಗಿದ ಮೇಲೆ ಅರ್ಧ ಗಂಟೆ ಅಲ್ಲಿ ಪಾಠ. ಮೊದಲ ದಿನ ಅಕ್ಕೋರು ಬ್ಯಾಟು ಕೊಡಲೇ ಇಲ್ಲ, ಕೈ ಮುಂದೆ ಚಾಚಿ ಕೈ ಕೊಡಿ ಎಂದರು. ಗೌಡರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೊಟ್ಟರು. ಹೊಸಬರ ಪರಿಚಯವಾದಾಗ ಕೈ ಕುಲುಕುವುದು ಹೀಗೇ ತಾನೆ, ಮುಷ್ಟಿ ಕಟ್ಟಿ ಯಾರೂ ಕುಲುಕುವುದಿಲ್ಲವಲ್ಲ, ಬ್ಯಾಟಿಗೂ ಅಷ್ಟೇ ಮರ್ಯಾದೆ ಕೊಡಿ ಎಂದು ಹಿಡಿಯನ್ನು ಅಡ್ಡ ತಿರುಗಿಸಿ ಅವರ ಕೈಗಿಟ್ಟರು. ಹೆಬ್ಬೆರಳು ತೋರುಬೆರಳಿನ ನಡುವಿನ ಸಂದು ಹಿಡಿಯ ಕಿರಿದಾದ ಅಂಚಿನ ಮೇಲೆ ಬರಬೇಕು, ಉಳಿದ ಬೆರಳು ಸಡಿಲ.

ಸಡಿಲ ಎನ್ನುವುದೇ ಗೌಡರಿಗೆ ಬಗೆಹರಿಯಲಿಲ್ಲ. ಸಡಿಲ ಬಿಟ್ಟರೆ ಬ್ಯಾಟು ಹಾರಿ ಹೋಗುವುದಿಲ್ಲವೇ? ನಾಲ್ಕು ದಿನ ಒದ್ದಾಡಿದರು. ಐದನೆಯ ದಿನ ಅಂಗಡಿಯಲ್ಲಿ ಒಂದು ಕಾರ್ಬೊರೇಟರಿನ ಹಿತ್ತಾಳೆ ನಟ್ಟು ಕೂರಿಸುತ್ತಿದ್ದಾಗ ಕೈ ತಾನಾಗಿ ಮಾಡುತ್ತಿದ್ದುದನ್ನು ಅವರು ನಿಂತು ನೋಡಿದರು. ನಟ್ಟನ್ನು ಅವರು ಮೊದಲಿಂದಲೇ ಬಿಗಿಯುತ್ತಿರಲಿಲ್ಲ. ಬೆರಳ ತುದಿಯಲ್ಲಿ ಹಗುರವಾಗಿ ತಿರುಗಿಸುತ್ತ ಹೋಗಿ, ಕೊನೆಯಲ್ಲಿ ಒಂದೇ ಒಂದು ಬಿಗಿ. ಮೊದಲೇ ಬಿಗಿದರೆ ನಟ್ಟಿನ ಥ್ರೆಡ್ಡು ಕೆಟ್ಟುಹೋಗುತ್ತದೆ. ಇದನ್ನು ಅವರು ಹನ್ನೆರಡು ವರ್ಷದಿಂದ ಕೆಲಸಕ್ಕೆ ಬಂದ ಪ್ರತಿಯೊಬ್ಬನಿಗೂ ಹೇಳಿಕೊಟ್ಟಿದ್ದರು. ಮಾರನೆಯ ಬೆಳಿಗ್ಗೆ ಕಣದಲ್ಲಿ ಕಾಕು ಬ್ಯಾಟಿಗೆ ತಾಗುವ ಕ್ಷಣಕ್ಕೆ ಮಾತ್ರ ಬೆರಳು ಬಿಗಿದರು. ಟಪ್ ಎಂದು ಸಣ್ಣ ಸದ್ದಾಯಿತು, ಕಾಕು ಅವರು ಎಣಿಸಿದ್ದಕ್ಕಿಂತ ಎರಡು ಪಟ್ಟು ದೂರ ಹೋಯಿತು. ಭುಜ ನೋಯಲೇ ಇಲ್ಲ. ನಟ್ಟಿನ ಸಂಗತಿಯನ್ನು ಅಕ್ಕೋರಿಗೂ ಹೇಳಿದರು.

ಎತ್ತರದ ಹೊಡೆತಕ್ಕೂ ಅವರು ತಮ್ಮ ದಾರಿಯನ್ನೇ ಕಂಡುಕೊಂಡರು. ಕಾಕು ತಲೆಯ ಮೇಲೆ, ತುಸು ಮುಂದೆ ಇರುವಾಗಲೇ ಮೊಣಕೈ ಮೇಲೆತ್ತಿ ಮಣಿಕಟ್ಟಿನಿಂದ ಝಾಡಿಸಬೇಕು ಎಂದು ಅಕ್ಕೋರು ಹೇಳಿದಾಗ, ಅದು ಮಿಷನ್ನಿನ ಸ್ಟಾರ್ಟರ್ ಹಗ್ಗ ಎಂದುಕೊಂಡರು. ಹಗ್ಗವನ್ನು ಉದ್ದಕ್ಕೆ ನಿಧಾನ ಎಳೆದರೆ ಇಂಜಿನ್ನು ಕೆಮ್ಮುತ್ತದೆ, ಗಿಡ್ಡಗೆ ಚುರುಕಾಗಿ ಎಳೆದರೆ ಹತ್ತಿಕೊಳ್ಳುತ್ತದೆ. ಈ ಹೋಲಿಕೆ ಕೇಳಿ ಅಕ್ಕೋರು ತುಂಬ ಹೊತ್ತು ನಕ್ಕರು. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಕಲಿಸುವಾಗ ಇದು ತನಗೆ ಹೊಳೆಯಲಿಲ್ಲವಲ್ಲ ಎಂದರು.

ಕಾಲಿನ ಪಾಠ ಕಷ್ಟದ್ದಾಯಿತು. ಗೌಡರಿಗೆ ಒಂದು ಚಟವಿತ್ತು. ಒಳ್ಳೆಯ ಹೊಡೆತ ಹೊಡೆದರೆ ನಿಂತು ಅದನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಕಾಕು ಬೇರೆ ಕಡೆಯಿಂದ ತಿರುಗಿ ಬಂದಿರುತ್ತಿತ್ತು. ಹೊಡೆದದ್ದು ಹೊಡೆದಾಯಿತು, ಅದರ ಬೆನ್ನು ನೋಡಬೇಡಿ, ನೀವು ನಡುವಿಗೆ ಬನ್ನಿ ಎಂದು ಅಕ್ಕೋರು ದಿನಕ್ಕೆ ಐವತ್ತು ಸಲ ಹೇಳಿದರು. ಹಿಮ್ಮಡಿ ತುಸು ಎತ್ತಿ ನಿಲ್ಲಬೇಕು, ಮುಂದಿನ ಮೂಲೆಗೆ ಹೋದರೆ ಕೊನೆಯ ಹೆಜ್ಜೆ ಬಲಗಾಲಿನದು, ಮತ್ತೆ ಅದೇ ಕಾಲನ್ನು ಒತ್ತಿ ವಾಪಸು. ಸರ್ವ್ ಮಾಡುವಾಗ ನೆಟ್ಟನ್ನು ಸವರಿಕೊಂಡು ಹೋಗುವಂತೆ ಗಿಡ್ಡಗೆ ತಳ್ಳಬೇಕು, ಬಲ ಬೇಡ. ಎಲ್ಲಕ್ಕಿಂತ ಕಷ್ಟವಾದದ್ದು ಬಿಡುವುದು. ಗೆರೆಯ ಆಚೆ ಬೀಳಲಿರುವ ಕಾಕನ್ನು ಮುಟ್ಟದೆ ಬಿಟ್ಟರೆ ಪಾಯಿಂಟು ನಮಗೆ. ಗೌಡರಿಗೆ ಕಣ್ಣೆದುರು ಬಂದದ್ದನ್ನು ಬಿಟ್ಟು ಅಭ್ಯಾಸವಿರಲಿಲ್ಲ. ಅಕ್ಕೋರು ಬೇಕೆಂದೇ ಉದ್ದಕ್ಕೆ ಎಸೆದು, ಗಂಟಲು ತುಂಬ ಬಿಡಿ ಎನ್ನುತ್ತಿದ್ದರು. ಗೌಡರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಕಲಿತರು.

ಮೂರು ವಾರ ಕಳೆಯುವಷ್ಟರಲ್ಲಿ ಹಾಲಿನವರ ಮಾತು ಬದಲಾಗಿತ್ತು. ಗೌಡರ ಪಕ್ಕದಲ್ಲಿ ನಿಂತವರು ತಲೆ ಬಗ್ಗಿಸುವುದನ್ನು ಬಿಟ್ಟಿದ್ದರು. ಆದರೆ ಅಷ್ಟರಲ್ಲಿ ಪಟ್ಟಿಯಲ್ಲಿ ಒಂಬತ್ತು ಜೋಡಿ ಆಗಿತ್ತು. ಎಂಟನೆಯದು ಗಣೇಶ ಮತ್ತು ಅವನ ಭಾವನದು, ಒಂಬತ್ತನೆಯದು ಇವರದು. ತಿಂಗಳ ಕೊನೆಯ ಭಾನುವಾರ, ಇಪ್ಪತ್ತೊಂದು ಪಾಯಿಂಟಿನ ಒಂದೇ ಗೇಮು ಎಂದು ಹರಿಪ್ರಸಾದ್ ಬರೆದು ಅಂಟಿಸಿದರು.

ಹಿಂದಿನ ಸಂಜೆ ಅಂಗಡಿ ಮುಂದೆ ಬೈಕು ನಿಂತಿತು. ‘ನಾಳೆ ಆಟ ಇದೆ ಮಾರಾಯ’ ಎಂದರು ಗೌಡರು. ಬೈಕು ಹೋಯಿತು. ನಾಳೆ ಸೋತರೆ ನಾಡಿದ್ದು ಎಂತ ಹೇಳುವುದು ಎಂದುಕೊಳ್ಳುತ್ತ ಅವರು ಬಾಗಿಲು ಹಾಕಿದರು.

ಭಾನುವಾರ ಎಲ್ಲ ಜೋಡಿಗಳೂ ಗೋಡೆಗೆ ಒರಗಿ ನೋಡಲು ನಿಂತಿದ್ದವು. ಗಣೇಶ ಚುರುಕು, ಅವನ ಭಾವ ಎತ್ತರದ ಆಳು. ಶುರುವಿನಲ್ಲಿ ಗೌಡರ ಕೈ ಹಳೆಯದಕ್ಕೇ ಹೊರಳಿ ಮೂರು ಕಾಕು ನೆಟ್ಟಿಗೆ ಹೋದವು. ಅಕ್ಕೋರು ಬೈಯಲಿಲ್ಲ, ಹತ್ತಿರ ಬಂದು ನಟ್ಟು ಎಂದಷ್ಟೇ ಅಂದು ಹೋದರು. ಗೌಡರು ಬೆರಳು ಸಡಿಲಿಸಿದರು. ಆಮೇಲೆ ಆಟ ಸಮವಾಯಿತು. ಗೌಡರು ಹಿಂದೆ, ಅಕ್ಕೋರು ಮುಂದೆ. ಗೌಡರು ಎತ್ತರಕ್ಕೆ ಹಿಂದಿನ ಗೆರೆಯವರೆಗೆ ಕಳಿಸುವುದು, ಅಲ್ಲಿಂದ ತಡವಾಗಿ ಬಂದದ್ದನ್ನು ಅಕ್ಕೋರು ನೆಟ್ಟಿನ ಆಚೆ ಮೆಲ್ಲಗೆ ಇಳಿಸುವುದು. ಹತ್ತೊಂಬತ್ತು ಹತ್ತೊಂಬತ್ತಾಯಿತು. ಮುಂದಿನದರಲ್ಲಿ ಅಕ್ಕೋರ ಮಂಡಿ ಕೈಕೊಟ್ಟು ಕಾಕು ಒಂದು ಗೇಣಿನಲ್ಲಿ ತಪ್ಪಿತು. ಗಣೇಶನ ಜೋಡಿಗೆ ಇಪ್ಪತ್ತು.

ಗಣೇಶ ಸರ್ವ್ ಮಾಡಿದ. ಗೌಡರು ಎತ್ತರಕ್ಕೆ ಎತ್ತಿದರು. ಅವನ ಭಾವ ಅವಸರದಲ್ಲಿ ಬಲವಾಗಿ ವಾಪಸು ಹೊಡೆದ. ಕಾಕು ಉದ್ದಕ್ಕೆ ಬಂತು, ತುಂಬ ಉದ್ದಕ್ಕೆ. ಗೌಡರು ಹಿಂದೆ ಹಿಂದೆ ಹೋಗಿ ಅದರ ಕೆಳಗೆ ನಿಂತರು. ಗೆರೆ ಅವರ ಕಾಲ ಬುಡದಲ್ಲಿತ್ತು. ಕಾಕು ತಲೆಯ ಮೇಲಿಂದ ಇನ್ನೂ ಹಿಂದಕ್ಕೆ ಹೊರಟಿತ್ತು. ಬಿಡಬೇಕು ಎನ್ನಿಸಿ ಕೈ ಇಳಿಯುತ್ತಿತ್ತು. ಅಷ್ಟರಲ್ಲಿ ಮುಂದೆ ನಿಂತಿದ್ದ ಅಕ್ಕೋರು ತಿರುಗಿ ನೋಡಿ ಕೂಗಿದರು.

“ಇಲ್ಲೆ, ಇಲ್ಲೆ.”

ಗೌಡರು ಹೊಡೆದರು. ಕಾಲು ತಪ್ಪಿದ್ದಾಗ, ಬೆನ್ನು ಹಿಂದಕ್ಕೆ ಬಾಗಿದ್ದಾಗ ಹೊಡೆದ ಹೊಡೆತ. ಕಾಕು ನೆಟ್ಟಿನ ಅರ್ಧಕ್ಕೂ ಏರದೆ ಬಿತ್ತು. ಇಪ್ಪತ್ತೊಂದು ಹತ್ತೊಂಬತ್ತು.

ಬಿಡಬೇಕಾದ್ದನ್ನು ಯಾಕೆ ಹೊಡೆದರು ಎಂದು ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಮೊದಲು ನಕ್ಕವರು ಹರಿಪ್ರಸಾದ್, ಅವರೂ ಅಕ್ಕೋರ ಹಾಗೆ ಹವ್ಯಕ ಮನೆಮಾತಿನವರು. “ಅಕ್ಕೋರು ಇಲ್ಲೆ ಅಂದ್ರು, ಗೌಡ್ರು ಇಲ್ಲೇ ಅಂತ ಕೇಳ್ಕಂಡ್ರು” ಎಂದರು. ಹವ್ಯಕರ ಮನೆಯಲ್ಲಿ ಇಲ್ಲೆ ಎಂದರೆ ಇಲ್ಲ, ಬೇಡ. ಗೌಡರ ಊರಿನಲ್ಲಿ ಇಲ್ಲೇ ಎಂದರೆ ಇದೇ ಜಾಗದಲ್ಲಿ, ಒಳಗೇ ಬೀಳುತ್ತದೆ ಎಂದು. ಹನ್ನೆರಡು ವರ್ಷದಿಂದ ಹವ್ಯಕ ಗಿರಾಕಿಗಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಕೇಳಿದ ಮಾತೇ ಅದು. ಆದರೆ ಆ ಅರೆಕ್ಷಣದಲ್ಲಿ ಕೇಳಿಸಿಕೊಂಡದ್ದು ತಾಯಿಮನೆಯ ಕಿವಿ, ಕೂಗಿದ್ದೂ ತಾಯಿಮನೆಯ ನಾಲಿಗೆ. ಕಣದಲ್ಲಿ ಮೂರು ವಾರವೂ ಅಕ್ಕೋರು ಶಾಲೆಯ ಕನ್ನಡದಲ್ಲೇ ಬಿಡಿ ಎಂದಿದ್ದರು. ಇಡೀ ಹಾಲು ನಕ್ಕಿತು. ಅದರಲ್ಲಿ ಕುಹಕವಿರಲಿಲ್ಲ. ಗಣೇಶನೇ ಬಂದು ಗೌಡರ ಬೆನ್ನು ತಟ್ಟಿ, ಇಷ್ಟು ಚೆನ್ನಾಗಿ ಯಾವಾಗ ಕಲಿತಿರಿ ಎಂದ. ಗೌಡರೂ ನಕ್ಕರು. ಆದರೆ ಬ್ಯಾಟು, ಚೀಲ ಅಲ್ಲೇ ಬಿಟ್ಟು ಹಿಂದಿನ ಕಣದ ಕಡೆಗೆ ನಡೆದರು.

ಅಕ್ಕೋರು ಅದನ್ನು ನೋಡಿದರು. ಕಣದ ಮೆಟ್ಟಿಲ ಮೇಲೆ ಕೂತ ಅವರ ಪಕ್ಕಕ್ಕೆ ಬಂದು, ಮಂಡಿ ಹಿಡಿದುಕೊಂಡು ಕೂತರು. ತಪ್ಪು ತನ್ನದು, ಅರವತ್ತೊಂದು ವರ್ಷವಾದರೂ ಗಾಬರಿಯಾದರೆ ಮನೆಮಾತೇ ಬಾಯಿಗೆ ಬರುತ್ತದೆ ಎಂದರು. ಗೌಡರು ಛೆ, ಹಾಗೇನಿಲ್ಲ ಎಂದರು. ಜಾಗ ಖಾಲಿಯಾದರೆ ಮೊದಲು ನಮಗೇ ಕೊಡುತ್ತಾರೆ ಎಂದರು ಅಕ್ಕೋರು. ಗೌಡರು ಹೂಂ ಎಂದರು. ಆಮೇಲೆ ಎದುರಿನ ಗೋಡೆ ನೋಡುತ್ತ ಹೇಳಿದರು.

“ನಾನು ಕುಡೀತಿದ್ದೆ ಅಕ್ಕೋರೆ. ಏಳು ತಿಂಗಳಾಯ್ತು ಬಿಟ್ಟು. ಬೆಳಿಗ್ಗೆ ಆಟ ಇದೆ ಅಂತ ಹೇಳಿ ಹೇಳೇ ಬಿಟ್ಟಿದ್ದು. ನಾಳೆಯಿಂದ ಎಂತ ಹೇಳೋದು ಅಂತ ಗೊತ್ತಾಗ್ತಿಲ್ಲ.”

ಅಕ್ಕೋರು ಅಯ್ಯೋ ಎನ್ನಲಿಲ್ಲ. ಬುದ್ಧಿವಾದವನ್ನೂ ಹೇಳಲಿಲ್ಲ. ಮಂಡಿಯ ಪಟ್ಟಿ ಬಿಚ್ಚಿ ಮತ್ತೆ ಸುತ್ತುತ್ತ, ಮೆಕ್ಯಾನಿಕ್ಕು ಮಿಷನ್ನಿನ ಬಗ್ಗೆ ಕೇಳುವ ಹಾಗೆ ಕೇಳಿದರು.

“ದಿನದಲ್ಲಿ ಯಾವ ಹೊತ್ತಿಗೆ ಕಷ್ಟ ಆಗೋದು?”

“ಅಂಗಡಿ ಬಾಗಿಲು ಹಾಕಿದ ಮೇಲೆ. ಏಳೂವರೆಗೆ. ಒಂಬತ್ತು ದಾಟಿದ್ರೆ ಆಮೇಲೆ ಎಂತದೂ ಇಲ್ಲ.”

“ಮತ್ತೆ ಕಷ್ಟ ಇರೋದು ಸಂಜೆ, ನೀವು ಆಡ್ತಿದ್ದದ್ದು ಬೆಳಿಗ್ಗೆ. ಏಳೂವರೆಗೆ ನಮ್ಮನೆಗೆ ಬನ್ನಿ. ನಿಮ್ಮ ಕಾಲು ಇನ್ನೂ ಸರಿ ಇಲ್ಲ. ಹೆಜ್ಜೆ ಕಲಿಯೋಕೆ ಕಾಕೂ ಬೇಡ, ನೆಟ್ಟೂ ಬೇಡ. ಯಾರಾದ್ರೂ ಕರೆದ್ರೆ, ಮಹಾಲಕ್ಷ್ಮಿ ಅಕ್ಕೋರು ಬೈತಾರೆ ಅನ್ನಿ. ಈ ಎರಡು ತಾಲ್ಲೂಕಲ್ಲಿ ಅರ್ಧ ಜನ ನನ್ನ ಹತ್ರ ಬೈಸ್ಕೊಂಡೋರೇ. ನಂಬ್ತಾರೆ.”

ಸೋಮವಾರ ಸಂಜೆ ಬೈಕು ನಿಂತಿತು. ಗೌಡರು ಷಟರು ಎಳೆಯುತ್ತಲೇ, ಅಕ್ಕೋರು ಕಾಯ್ತಿದ್ದಾರೆ, ತಡ ಆದ್ರೆ ಬೈತಾರೆ ಎಂದರು. ಬೈಕಿನವನು ಯಾವ ಅಕ್ಕೋರು ಎಂದು ಕೇಳಿದ. ಹೆಸರು ಹೇಳಿದ ಕೂಡಲೇ ಅವನ ಮುಖ ಎಂಟನೇ ಕ್ಲಾಸಿನ ಹುಡುಗನದಾಯಿತು. ಇನ್ನೂ ಇದ್ದಾರಾ ಅವರು, ನನ್ನ ಹೆಸರು ಮಾತ್ರ ಹೇಳಬೇಡಿ ಎಂದು ಗೇರು ಹಾಕಿದ.

ಅಕ್ಕೋರ ಮನೆ ಪೇಟೆಯ ಒಳಗೇ, ಮೇಲೆ ಶೀಟು ಹೊದೆಸಿದ ತಾರಸಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಂಕಣ ಬರೆದು ಆರು ಮೂಲೆಗೆ ಆರು ನಂಬರು ಹಾಕಿದ್ದರು. ಅವರ ಗಂಡ ನಾರಾಯಣಮೂರ್ತಿ ಕುರ್ಚಿ ಹಾಕಿಕೊಂಡು ಕೂತು ನಂಬರು ಕೂಗಬೇಕು, ಗೌಡರು ಆ ಮೂಲೆಗೆ ಹೋಗಿ ಇಲ್ಲದ ಕಾಕನ್ನು ಹೊಡೆದು ನಡುವಿಗೆ ಬರಬೇಕು. ನಾರಾಯಣಮೂರ್ತಿ ಮೂವತ್ತು ವರ್ಷ ಅಡಿಕೆ ಮಂಡಿಯಲ್ಲಿ ಹರಾಜು ಕೂಗಿದವರು. ಒಂದು, ನಾಲ್ಕು, ಆರು, ಎರಡು ಎಂದು ಅದೇ ವೇಗದಲ್ಲಿ ಶುರು ಮಾಡಿದರು. ಗೌಡರು ಎರಡು ನಿಮಿಷಕ್ಕೆ ಬೆವರಿ ನೀರಾದರು. ಅಕ್ಕೋರು ನಡುವೆ ಬಾಯಿ ಹಾಕಿ ತಮ್ಮ ಮನೆಮಾತಿನಲ್ಲೇ ಗಂಡನನ್ನು ತರಾಟೆಗೆ ತೆಗೆದುಕೊಂಡರು. ಜೋಡಿಗೆ ಇನ್ನು ಮೇಲೆ ಬಿಡಿ ಎನ್ನುವುದೊಂದೇ ಮಾತು, ಮನೆಮಾತಿಗೆ ರಜೆ ಎಂದು ಗೌಡರಿಗೆ ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ.

ನೀರು ಕುಡಿಯಲು ನಿಂತಾಗ ಗೌಡರು ಫೋನು ನೋಡಿದರು. ಎಂಟೂಕಾಲು. ಏಳೂವರೆಯ ಆ ಕಷ್ಟದ ಹೊತ್ತು ಯಾವಾಗ ಕಳೆದುಹೋಯಿತೋ ಗೊತ್ತೇ ಆಗಿರಲಿಲ್ಲ. ಮನೆಯಿಂದ ಎರಡು ಮಿಸ್ಡ್ ಕಾಲ್ ಇತ್ತು. ನಿನ್ನೆ ಸೋತದ್ದನ್ನು ಅವರು ಮಂಜುಶ್ರೀಗೆ ಹೇಳಿದ್ದರು, ಇಲ್ಲಿಗೆ ಬರುವುದನ್ನು ಹೇಳಿರಲಿಲ್ಲ. ಕಾಲ್ ಮಾಡಿದರು.

“ಎಲ್ಲಿದ್ದೀರಾ?” ಎಂದಳು ಮಂಜುಶ್ರೀ. ಧ್ವನಿ ಹಿಂದಿನ ವರ್ಷ ಗಂಡನ ಕುಡಿತದ ಕಾಲದಲ್ಲಿದ್ದ ಧ್ವನಿಯಾಗಿತ್ತು.

ಗೌಡರು ಫೋನನ್ನು ಕುರ್ಚಿಯ ಕಡೆಗೆ ಚಾಚಿ ಹಿಡಿದರು. ಅಲ್ಲಿ ಗಂಡ ಹೆಂಡತಿ ಗೌಡರ ಎಡಗಾಲಿನ ವಿಷಯದಲ್ಲಿ ಜಗಳಕ್ಕೆ ನಿಂತಿದ್ದರು. ಅದು ಮೂರನೇ ಮೂಲೆಗೆ ಮೊದಲು ಹೋಗಬೇಕೋ ಬೇಡವೋ ಎಂದು. ಮಂಜುಶ್ರೀ ತುಸು ಹೊತ್ತು ಕೇಳಿಸಿಕೊಂಡಳು. ಆಚೆಯಿಂದ ಕುಕ್ಕರಿನ ಮುಚ್ಚಳ ಎತ್ತಿದ ಸದ್ದು ಬಂತು.

“ಮುಗಿಸ್ಕೊಂಡೇ ಬನ್ನಿ” ಎಂದಳು. “ಅನ್ನ ಈಗ ಇಡ್ತೀನಿ, ಬಿಸಿ ಇರ್ತದೆ.”

“ಐದು” ಎಂದು ನಾರಾಯಣಮೂರ್ತಿ ಕೂಗಿದರು. ಗೌಡರು ಫೋನನ್ನು ಜೇಬಿಗೆ ಹಾಕಿಕೊಂಡು ಐದನೇ ಮೂಲೆಗೆ ಹೊರಟರು.